ತಿಂಗಳ ಬ್ಯಾನಿಗೆ ಯಾವ ಬಾಗಿಲು ಮೊದಲು ಬಡಿಯಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರ ಪತ್ರಗಳಲ್ಲಿ ಈ ಸಲ ಮುಟ್ಟಿನ ನೋವಿನದೇ ಮಾತು. ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಎರಡು ಪತ್ರದಲ್ಲಿ ಮಾತ್ರ ಇತ್ತು, ಲಕ್ಷಣ ಮಾತ್ರ ಎಲ್ಲದರಲ್ಲೂ ಇತ್ತು. ಗರ್ಭಚೀಲದ ಒಳಪದರವನ್ನು ಹೋಲುವ ಅಂಗಾಂಶ ಹೊರಗಡೆ, ಅಂದರೆ ಅಂಡಾಶಯ, ಗರ್ಭಚೀಲದ ಹಿಂಬದಿ, ಕರುಳು, ಮೂತ್ರಕೋಶ ಇಂಥ ಕಡೆ ಬೆಳೆಯುವ ಕಾಯಿಲೆ ಇದು. ಹಾರ್ಮೋನ್ ಏರಿಳಿದಂತೆ ಅಲ್ಲಿ ಉರಿಯೂತ ಆಗುತ್ತದೆ, ಕಲೆ ಕಟ್ಟುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಸರು ಹೇಳಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದರಿಂದ ಊರಿನ ಹೆಸರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನನ್ನ ಮಗಳಿಗಿ 17 ವರ್ಷ, ಪಿಯುಸಿ ಓದ್ಲಿಕತ್ಯಾಳ. ತಿಂಗಳಾ ಹೊರಗಾದಾಗ ಮೂರು ದಿನ ಕಾಲೇಜಿಗಿ ಹೋಗಂಗಿಲ್ಲ, ವಾಂತಿ ಮಾಡ್ಕೋತಾಳ. "ಮದಿವಿ ಆದ್ರ ಎಲ್ಲಾ ಸರಿ ಹೋಗ್ತದ" ಅಂತ ನಮ್ಮತ್ತಿ ಅಂತಾರ. ದವಾಖಾನಿಗಿ ತೋರಿಸ್ಬೇಕೇನ್ರಿ? – ಚಿಂಚೋಳಿ

ಉತ್ತರ: ತೋರಿಸಬೇಕು ತಾಯಿ. ಮದುವೆ ಔಷಧವಲ್ಲ. ಬಸಿರಾದಾಗ ಮುಟ್ಟು ನಿಂತು ಕೆಲವರಿಗೆ ಕೆಲ ತಿಂಗಳು ನೋವು ತಗ್ಗುತ್ತದೆ. ಅದನ್ನು ನೋಡಿಯೇ ಈ ಮಾತು ಹುಟ್ಟಿದೆ. ಮುಟ್ಟು ಮರಳಿದರೆ ನೋವೂ ಮರಳುತ್ತದೆ.

ಮೊದಲ ದಿನ ಕಿಬ್ಬೊಟ್ಟೆ ಹಿಂಡುವುದು, ಒಂದು ಗುಳಿಗೆ ನುಂಗಿದರೆ ಇಳಿಯುವುದು, ಮನೆಗೆಲಸ ಓದು ನಡೆಯುವುದು, ಇದು ಸಾಮಾನ್ಯ. ಗುಳಿಗೆ ತೆಗೆದುಕೊಂಡರೂ ತಿಂಗಳಾ ಕಾಲೇಜು ತಪ್ಪಿದರೆ ಅದು ಸಾಮಾನ್ಯವಲ್ಲ. ಮುಟ್ಟಿಗೆ ಎರಡು-ಮೂರು ದಿನ ಮೊದಲೇ ನೋವು ಶುರುವಾಗುವುದು, ಆ ದಿನಗಳಲ್ಲೇ ಸಂಡಾಸಿಗೆ ಕೂತಾಗ ಒಳಗೆ ಚುಚ್ಚುವುದು, ಮೂತ್ರ ಮಾಡುವಾಗ ನೋಯುವುದು, ವರ್ಷದಿಂದ ವರ್ಷಕ್ಕೆ ನೋವಿನ ದಿನ ಹೆಚ್ಚಾಗುವುದು, ಇವೆಲ್ಲ ಎಂಡೊಮೆಟ್ರಿಯೋಸಿಸ್ ಕಡೆಗೆ ಬೆರಳು ತೋರುತ್ತವೆ. ಇನ್ನೊಂದು ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಹುಡುಗಿ ಇನ್ನೂ ಮೈನೆರೆದಿಲ್ಲ, ಆದರೂ ತಿಂಗಳಿಗೊಮ್ಮೆ ತಪ್ಪದೆ ಹೊಟ್ಟೆ ನೋಯುತ್ತದೆ ಎಂದರೆ ಹುಟ್ಟಿನಿಂದಲೇ ಮುಟ್ಟಿನ ದಾರಿ ಮುಚ್ಚಿಕೊಂಡಿರಬಹುದು. ಅಂಥ ಹುಡುಗಿಗೆ ಸ್ಕ್ಯಾನ್ ಕೂಡಲೇ ಆಗಬೇಕು.

ಗುಳಿಗೆ ವಿಷಯದಲ್ಲಿ ಮನೆಮನೆಯಲ್ಲೂ ಒಂದೇ ತಪ್ಪು: ತಡೆಯಲಾರದಷ್ಟು ನೋವಾದ ಮೇಲೆ ಒಂದು ನುಂಗುವುದು. ಗರ್ಭಚೀಲವನ್ನು ಹಿಂಡುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನೇ ಈ ಗುಳಿಗೆಗಳು ತಡೆಯುತ್ತವೆ. ಆಗಲೇ ತಯಾರಾದದ್ದನ್ನು ಅಳಿಸುವ ಶಕ್ತಿ ಅವಕ್ಕಿಲ್ಲ. ಆದ್ದರಿಂದ ಮುಟ್ಟಿನ ಸುಳಿವು ಸಿಕ್ಕೊಡನೆ, ತಾರೀಕು ಸರಿಯಾಗಿ ಬರುವವರು ಹಿಂದಿನ ದಿನವೇ, ಶುರು ಮಾಡಬೇಕು. ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಇಲ್ಲವೇ ಐಬುಪ್ರೊಫೆನ್ 400 ಮಿಲಿಗ್ರಾಂ ಮೂರು ಸಲ, ಊಟವಾದ ಮೇಲೆ, ಎರಡು-ಮೂರು ದಿನ. ಎರಡನ್ನೂ ಒಟ್ಟಿಗೆ ಕೊಡಬೇಡಿ. ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡವೇ ಬೇಡ. ಮೆಡಿಕಲ್ ಅಂಗಡಿಯಲ್ಲಿ ಮುಟ್ಟಿಗೆ ಎಂದರೆ ಕೆಲವೊಮ್ಮೆ ಟ್ರಾನೆಕ್ಸಾಮಿಕ್ ಆಸಿಡ್ ಕೈಗೆ ಬರುತ್ತದೆ. ಅದು ರಕ್ತಸ್ರಾವ ತಗ್ಗಿಸುವ ಗುಳಿಗೆ, ನೋವಿನದಲ್ಲ.

ಹೀಗೆ ಮೂರು ತಿಂಗಳು ಮಾಡಿ ನೋಡಿ. ಜೊತೆಗೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ನೋವಿನ ದಿನದ ಚೌಕದೊಳಗೆ ನಾಲ್ಕು ಗುರುತು ಹಾಕಲು ಹೇಳಿ: ನೋವಿಗೆ 10ಕ್ಕೆ ಎಷ್ಟು ಅಂಕ, ಎಷ್ಟು ಗುಳಿಗೆ, ಎಷ್ಟು ಪ್ಯಾಡ್, ಕಾಲೇಜು ತಪ್ಪಿತೋ ಇಲ್ಲವೋ. ಸಂಡಾಸು-ಮೂತ್ರದ ನೋವಿದ್ದರೆ "ಸಂ", "ಮೂ" ಎಂದು ಬರೆದರೆ ಸಾಕು. ವೈದ್ಯರ ಮುಂದೆ "ಬಾಳ ಬ್ಯಾನಿ ಆಗ್ತದ್ರಿ" ಎನ್ನುವುದಕ್ಕೂ, ಮೂರು ತಿಂಗಳಲ್ಲಿ 11 ದಿನ ನೋವು, 7 ದಿನ ಕಾಲೇಜು ಇಲ್ಲ ಎಂದು ಹಾಳೆ ಇಡುವುದಕ್ಕೂ ಬಹಳ ಅಂತರವಿದೆ.

ನಂತರ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾದಾಗಿನಿಂದ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ಹೆರಿಗೆ ವಿಭಾಗದ ಸಾಲಿನಲ್ಲಿ ನಿಲ್ಲಲು ಮಗಳು ಹಿಂಜರಿದರೆ ಅಲ್ಲಿ ಮಾತಾಡಿಸಬಹುದು. "ಹಾರ್ಮೋನ್ ಗುಳಿಗಿ ಕೊಟ್ಟರ ಮುಂದ ಮಕ್ಕಳಾಗಂಗಿಲ್ಲ" ಎಂಬ ಹೆದರಿಕೆ ಬೇಡ. ನಿಲ್ಲಿಸಿದ ಮೇಲೆ ಮುಟ್ಟೂ ಫಲವಂತಿಕೆಯೂ ಮೊದಲಿನಂತೆ ಬರುತ್ತವೆ.

ಪ್ರಶ್ನೆ: ಮೂರು ಸಲ ಸ್ಕ್ಯಾನ್ ಮಾಡಿಸಿದೆ. ಮೂರೂ ಸಲ "ನಾರ್ಮಲ್". "ಏನೂ ಇಲ್ಲ, ಮನಸ್ಸಿನದು" ಎನ್ನುತ್ತಾರೆ. ಗಂಡನ ಜೊತೆ ಕೂಡಿದಾಗಲೂ ಒಳಗೆ ನೋವಾಗುತ್ತದೆ. – ಹುಮನಾಬಾದ್

ಉತ್ತರ: ಸ್ಕ್ಯಾನ್ ನಾರ್ಮಲ್ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದೆ: ಪರೀಕ್ಷೆಯಲ್ಲಿ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಶಂಕೆಯನ್ನು ಕೈಬಿಡಬಾರದು.

ಯಾಕೆ ಕಾಣುವುದಿಲ್ಲ? ಈ ಕಾಯಿಲೆಗೆ ಮೂರು ರೂಪ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ, ಅಂದರೆ ಚಾಕಲೇಟ್ ಸಿಸ್ಟ್, ಮಾಮೂಲಿ ಸ್ಕ್ಯಾನ್‌ನಲ್ಲೂ ಸಿಕ್ಕಿಬೀಳುತ್ತದೆ. ಕರುಳು, ಗರ್ಭಚೀಲದ ಹಿಂದಿನ ಕಟ್ಟುಗಳಲ್ಲಿ ಆಳಕ್ಕೆ ಇಳಿದ ಗಂಟು, ಹುಡುಕುವ ಕಣ್ಣಿದ್ದರೆ ಮಾತ್ರ ಕಾಣುತ್ತದೆ. ಹೊಟ್ಟೆಯ ಒಳಪರದೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕೂತ ಚಿಕ್ಕ ಕಲೆಗಳು ಸ್ಕ್ಯಾನ್‌ಗೂ ಎಂಆರ್‌ಐಗೂ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಆದರೆ ನೋವಿಗೂ ಗಾತ್ರಕ್ಕೂ ನಂಟಿಲ್ಲ. ಸಾಸಿವೆ ಕಾಳಿನಷ್ಟಿದ್ದವರು ನರಳಬಹುದು, ದೊಡ್ಡ ಸಿಸ್ಟ್ ಇದ್ದವರಿಗೆ ಏನೂ ಅನಿಸದೇ ಇರಬಹುದು.

ನಿಮ್ಮ ಮೂರೂ ರಿಪೋರ್ಟ್ ತೆಗೆದು ಮೇಲಿನ ಸಾಲು ಓದಿ. ಹೊಟ್ಟೆಯ ಮೇಲಿಂದ ಮಾಡಿದ್ದೋ, ಯೋನಿಯ ಮೂಲಕ ಮಾಡಿದ್ದೋ ಅಲ್ಲಿ ಬರೆದಿರುತ್ತದೆ. ಮೇಲಿಂದ ಮಾಡಿದ್ದಾದರೆ ಮೂರಲ್ಲ, ಹತ್ತು ಸಲ ಮಾಡಿಸಿದರೂ ಅದೇ ಉತ್ತರ ಬರಬಹುದು. ಮದುವೆಯಾದವರಿಗೆ ಒಳಗಿನ ಸ್ಕ್ಯಾನ್ ಹೆಚ್ಚು ಸ್ಪಷ್ಟ. ಅದಕ್ಕೆ ಮೂತ್ರ ಮಾಡಿ ಬರಬೇಕು. ಮೇಲಿನ ಸ್ಕ್ಯಾನ್‌ಗಾದರೆ ಒಂದು ತಾಸು ಮೊದಲು ಸುಮಾರು ಒಂದು ಲೀಟರ್ ನೀರು ಕುಡಿದು ತಡೆದುಕೊಳ್ಳಬೇಕು. ಇದನ್ನು ಹಿಂದುಮುಂದು ಮಾಡಿಕೊಂಡರೆ ಚಿತ್ರ ಮಸುಕಾಗುತ್ತದೆ. ಮದುವೆಯಾಗದವರಿಗೆ ಒಳಗಿನ ಸ್ಕ್ಯಾನ್ ಬೇಡವೆನಿಸಿದರೆ ಎಂಆರ್‌ಐ ಇದೆ.

ಇನ್ನು ಸ್ಕ್ಯಾನ್ ಚೀಟಿ. "ಹೊಟ್ಟೆ ನೋವು" ಎಂದಷ್ಟೇ ಬರೆದ ಚೀಟಿ ಹೋದರೆ ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು ನೋಡಿ ಕಳಿಸುತ್ತಾರೆ. ಅದು ಅವರ ತಪ್ಪಲ್ಲ, ಕೇಳಿದ್ದನ್ನು ನೋಡಿದ್ದಾರೆ. ಚೀಟಿಯಲ್ಲಿ "ಎಂಡೊಮೆಟ್ರಿಯೋಸಿಸ್ ಶಂಕೆ" ಎಂದು ಬರೆಸಿಕೊಳ್ಳಿ. ಗರ್ಭಚೀಲ ಮತ್ತು ಕರುಳು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆಯೋ, ಅಂಟಿಕೊಂಡಿವೆಯೋ ನೋಡಿ ಎಂದು ಕೋರಬಹುದು. ಎರಡೂ ಮೂತ್ರಪಿಂಡ ನೋಡಿ ಎಂದೂ ಸೇರಿಸಿ. ಆಳದ ಗಂಟು ಮೂತ್ರನಾಳವನ್ನು ಒತ್ತಿದರೆ ಮೂತ್ರಪಿಂಡ ಸದ್ದಿಲ್ಲದೆ ಊದಿಕೊಳ್ಳುತ್ತದೆ. ನೋವೇ ಇಲ್ಲದೆ ಕೆಡುವುದರಿಂದ ಇದು ತಪ್ಪಿಹೋಗಬಾರದ ಸಂಗತಿ.

ಸಿಎ-125 ಎಂಬ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ. ಮುಟ್ಟಿನ ದಿನಗಳಲ್ಲಿ, ಫೈಬ್ರಾಯ್ಡ್ (ಗರ್ಭಚೀಲದ ಗಡ್ಡೆ) ಇದ್ದರೆ, ಸೋಂಕಿದ್ದರೆ, ಹೊಟ್ಟೆಯ ಟಿಬಿ ಇದ್ದರೆ ಅದು ಏರುತ್ತದೆ. ಕಾಯಿಲೆ ಇದ್ದವರಲ್ಲೂ ಕಡಿಮೆ ಇರಬಹುದು. ಏರಿದ ಅಂಕಿ ನೋಡಿ ಕ್ಯಾನ್ಸರ್ ಎಂದು ನಿದ್ದೆಗೆಟ್ಟವರೇ ಜಾಸ್ತಿ.

ಹಿಂದೆ ಹೊಟ್ಟೆಗೆ ರಂಧ್ರ ಮಾಡಿ ದುರ್ಬೀನು ಹಾಕಿ ನೋಡುವ ಲ್ಯಾಪರೊಸ್ಕೋಪಿ ಆದ ಮೇಲೆಯೇ ಕಾಯಿಲೆಯ ಹೆಸರು ಬರೆಯುತ್ತಿದ್ದರು. ಯುರೋಪಿನ ಫಲವಂತಿಕೆ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಅದನ್ನು ಬದಲಿಸಿತು. ಲಕ್ಷಣ ಹೊಂದಿದರೆ ಮೊದಲು ಹಾರ್ಮೋನ್ ಔಷಧ ಕೊಟ್ಟು ನೋಡಬಹುದು, ಫಲ ಸಿಗದಿದ್ದರೆ ಅಥವಾ ಔಷಧ ಸರಿಹೊಂದದಿದ್ದರೆ ಲ್ಯಾಪರೊಸ್ಕೋಪಿ ಎಂದಿತು. ಲ್ಯಾಪರೊಸ್ಕೋಪಿ ಸೌಲಭ್ಯ ದೂರವಿರುವ ನಮ್ಮ ತಾಲ್ಲೂಕುಗಳಿಗೆ ಈ ಬದಲಾವಣೆ ನಿಜಕ್ಕೂ ದೊಡ್ಡದು. "ಶಂಕೆಯ ಮೇಲೆ ಚಿಕಿತ್ಸೆ ಶುರು ಮಾಡಬಹುದೇ?" ಎಂದು ನೇರವಾಗಿ ಕೇಳಿ.

ನಮ್ಮ ನಾಡಿನಲ್ಲಿ ಒಂದು ಎಚ್ಚರಿಕೆ ಬೇಕು. ಗರ್ಭಚೀಲ, ನಳಿಕೆಗಳ ಟಿಬಿಯೂ ಇಂಥದೇ ನೋವು, ಮಕ್ಕಳಾಗದಿರುವಿಕೆ ತರುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ಮುಟ್ಟು ತೀರ ಕಡಿಮೆಯಾಗುವುದು ಇದ್ದರೆ ಒಳಪದರದ ತುಣುಕು ತೆಗೆದು ಪರೀಕ್ಷೆ ಆಗಲಿ. ಆದರೆ ಟಿಬಿ ರೋಗಾಣುವಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆ ಒಂದನ್ನೇ ನಂಬಿ ಆರು ತಿಂಗಳ ಟಿಬಿ ಗುಳಿಗೆ ಶುರು ಮಾಡುವುದು ಸರಿಯಲ್ಲ.

ಪ್ರಶ್ನೆ: ನನಗ 34 ವರ್ಷ. ಎರಡು ಮಕ್ಕಳು, ಆಪರೇಷನ್ ಆಗ್ಯಾದ. ಮುಟ್ಟಿನಾಗ ಬ್ಯಾನಿ, ಬಿಳಿ ಹೋಗ್ತದ. "ಗರ್ಭಚೀಲ ಕೆಟ್ಟದ, ತೆಗೀಲಿಲ್ಲಂದ್ರ ಕ್ಯಾನ್ಸರ್ ಆಗ್ತದ" ಅಂತ ಹೇಳ್ಯಾರ. ಮುಂದಿನ ವಾರಕ್ಕ ತಾರೀಕು ಕೊಟ್ಟಾರ. – ಶಹಾಪುರ

ಉತ್ತರ: ತಾರೀಕು ಮುಂದಕ್ಕೆ ಹಾಕಿ ಅಕ್ಕಾ. ಮೈತುಂಬ ರಕ್ತ ಹೋಗುತ್ತಿಲ್ಲ, ಕ್ಯಾನ್ಸರ್ ಎಂಬ ತುಣುಕು ಪರೀಕ್ಷೆಯ ರಿಪೋರ್ಟ್ ಇಲ್ಲ ಎಂದರೆ ಒಂದು ವಾರದ ಅವಸರ ಯಾತಕ್ಕೂ ಇಲ್ಲ.

ಬಿಳಿ ಹೋಗುವುದು ಸೋಂಕಿನಿಂದ ಇರಬಹುದು, ಹಾಗಿದ್ದರೆ ಬಹುಪಾಲು ಒಂದು ವಾರದ ಗುಳಿಗೆಗೆ ಹೋಗುವಂಥದು. ಗರ್ಭಕಂಠದ ಕ್ಯಾನ್ಸರ್ ಭಯವಿದ್ದರೆ ಅದಕ್ಕೆ ಪರೀಕ್ಷೆ ಇದೆ: 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆಸಿಟಿಕ್ ಆಸಿಡ್ ಹಚ್ಚಿ ನೋಡುವ ತಪಾಸಣೆ ಉಚಿತ, ಕೆಲವೇ ನಿಮಿಷದ್ದು. ಪರೀಕ್ಷೆ ಮಾಡದೆ ಕ್ಯಾನ್ಸರ್ ಹೆಸರು ಹೇಳುವವರನ್ನು ನಂಬಬೇಡಿ.

ನೋವು ಎಂಡೊಮೆಟ್ರಿಯೋಸಿಸ್‌ನದಾದರೆ, ಕಾಯಿಲೆ ಇರುವುದೇ ಗರ್ಭಚೀಲದ ಹೊರಗೆ. ಚೀಲ ತೆಗೆದು ಹೊರಗಿನ ಗಂಟು ಬಿಟ್ಟರೆ ನೋವು ಉಳಿಯುತ್ತದೆ. ಅಂಡಾಶಯವನ್ನೂ ತೆಗೆದರೆ 34ಕ್ಕೇ ಮುಟ್ಟು ನಿಂತ ಮುದುಕಿಯ ಮೈ: ಮೈಯೆಲ್ಲ ಬಿಸಿ, ನಿದ್ದೆ ಇಲ್ಲ, ಎಲುಬು ಸವೆತ, ಹೃದಯದ ಅಪಾಯ. ನೋವು ಅಡಿನೊಮಯೋಸಿಸ್‌ನದಾದರೆ, ಅಂದರೆ ಅದೇ ಅಂಗಾಂಶ ಗರ್ಭಚೀಲದ ಗೋಡೆಯೊಳಗೇ ನುಗ್ಗಿದ್ದರೆ, ಚೀಲ ತೆಗೆದಾಗ ನಿಜವಾಗಿ ಗುಣವಾಗುತ್ತದೆ. ಆದರೂ ಅದು ಕೊನೆಯ ಮೆಟ್ಟಿಲು.

ಅದಕ್ಕೆ ಮೊದಲು ಏನೇನು ಇದೆ? ಸಂತಾನಹರಣ ಆಪರೇಷನ್ ಆದವರಿಗೂ ಹಾರ್ಮೋನ್ ಚಿಕಿತ್ಸೆ ಕೊಡಬಹುದು. ಇಲ್ಲಿ ಗರ್ಭನಿರೋಧಕ್ಕೆ ಅಲ್ಲ, ನೋವಿಗೆ. ಕುಟುಂಬ ಯೋಜನೆಯ ಹೆಸರಲ್ಲಿ ಸರ್ಕಾರಿ ಆಸ್ಪತ್ರೆಗೆ ಉಚಿತವಾಗಿ ಬರುವ ಎರಡು ಔಷಧ ಈ ಕಾಯಿಲೆಗೂ ಬಳಕೆಯಲ್ಲಿವೆ. ಒಂದು ಮಾಲಾ-ಎನ್ ಗುಳಿಗೆ. ಇನ್ನೊಂದು ಅಂತರಾ ಸೂಜಿ, ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ. ಅಂತರಾ ಹಾಕಿಸಿದ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಕಲೆ ಕಾಣಿಸುತ್ತದೆ, ಆಮೇಲೆ ಬಹಳ ಜನಕ್ಕೆ ಮುಟ್ಟೇ ನಿಲ್ಲುತ್ತದೆ. "ಕೆಟ್ಟ ರಕ್ತ ಒಳಗೇ ಉಳೀತು" ಎಂದು ಹೆದರಿ ಅರ್ಧಕ್ಕೆ ಬಿಡುವವರು ಬಹಳ. ಒಳಗೆ ಪದರವೇ ಕಟ್ಟದಿದ್ದರೆ ಉಳಿಯುವ ರಕ್ತ ಎಲ್ಲಿದೆ? ಮಾಲಾ-ಎನ್ ಎಲ್ಲರಿಗೂ ಅಲ್ಲ. ಬಿಪಿ ಇದ್ದವರು, ಕಣ್ಣಿಗೆ ಮಿಂಚು ಬಂದು ಅರೆತಲೆನೋವು ಬರುವವರು, ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದ್ದವರು ದೂರವಿರಬೇಕು. ಗರ್ಭಚೀಲದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯೂ ಒಳ್ಳೆಯ ಆಯ್ಕೆ. ತಾಮ್ರದ ಕಾಪರ್-ಟಿ ಬೇರೆ, ಅದು ನೋವು ಹೆಚ್ಚಿಸಬಹುದು.

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಚೀಲ ತೆಗೆದ ಸಂಗತಿ ಹಿಂದೆ ರಾಜ್ಯವೆಲ್ಲ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಅದರಂತೆ ಜಿಲ್ಲಾ ಮಟ್ಟದಲ್ಲೂ ನಿಗಾ ಸಮಿತಿ ಇರಬೇಕು. ಒತ್ತಾಯ ಅನಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ. ಈಗ ನೀವು ಮಾಡಬೇಕಾದದ್ದು ಇಷ್ಟು: ಯಾವ ಕಾಯಿಲೆಗೆ ತೆಗೆಯುತ್ತಾರೆ ಎಂದು ಬರೆದುಕೊಡಲು ಕೇಳಿ, ಸ್ಕ್ಯಾನ್ ರಿಪೋರ್ಟಿನ ಪ್ರತಿ ತೆಗೆದುಕೊಳ್ಳಿ, ಎರಡನ್ನೂ ಹಿಡಿದು ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗದಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಬರೆದುಕೊಡಲು ಒಪ್ಪದಿದ್ದರೆ ಅದೇ ಒಂದು ಉತ್ತರ.

ಪ್ರಶ್ನೆ: ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಇದೆ. ಈ ಕಾಯಿಲೆಗೆ ನಡೆಯುತ್ತದೆಯೇ? ಹೈದರಾಬಾದಿಗೆ ಹೋಗಬೇಕೆ? – ಗುರುಮಠಕಲ್

ಉತ್ತರ: ಅರ್ಧ ನಡೆಯುತ್ತದೆ. ಯಾವ ಅರ್ಧ ಎಂದು ತಿಳಿಯದೆ ಹೋದವರೇ ಬರಿಗೈಲಿ ಬರುತ್ತಾರೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಇದು ದಾಖಲಾದವರ ಯೋಜನೆ. ಖಾಸಗಿ ಆಸ್ಪತ್ರೆಯ ಹೊರರೋಗಿ ಫೀಸು, ಅಲ್ಲಿಯ ಸ್ಕ್ಯಾನ್, ತಿಂಗಳಾ ನುಂಗುವ ಗುಳಿಗೆ, ಮಕ್ಕಳಾಗದವರ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ, ಇವು ಇದರಲ್ಲಿ ಬರುವುದಿಲ್ಲ. ಎಂಡೊಮೆಟ್ರಿಯೋಸಿಸ್‌ನ ಮುಕ್ಕಾಲು ಪಾಲು ಆರೈಕೆ ಹೊರರೋಗಿ ಆರೈಕೆಯೇ. ಅಂದರೆ ಕಾರ್ಡು ಬಾಗಿಲು ತೆರೆಯುವುದು ಕತ್ತರಿ ಎದುರಿಗೆ ಬಂದಾಗ. ಈ ಯೋಜನೆಯ ದೊಡ್ಡ ಲೋಪ ಇದೇ ಎಂದು ನಮ್ಮ ಅಭಿಪ್ರಾಯ. ಗುಳಿಗೆಗೆ ಇಲ್ಲದ ದುಡ್ಡು ಆಪರೇಷನ್‌ಗೆ ಇದ್ದರೆ ಜನ ಆಪರೇಷನ್ ಕಡೆಗೇ ವಾಲುತ್ತಾರೆ.

ಹಾಗಾಗಿ ಔಷಧದ ಹಂತವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮುಗಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾದ ಯಾದಗಿರಿಯ ಯಿಮ್ಸ್, ಕಲಬುರಗಿಯ ಜಿಮ್ಸ್. ಬೀದರ್ ಕಡೆಯವರಿಗೆ ಬ್ರಿಮ್ಸ್. ಶಸ್ತ್ರಚಿಕಿತ್ಸೆ ಬೇಕೆಂದಾದರೆ, ಸೌಲಭ್ಯವಿದ್ದರೆ ಅಲ್ಲೇ ಆಗುತ್ತದೆ. ಇಲ್ಲವೆಂದರೆ ಸರ್ಕಾರಿ ವೈದ್ಯರ ರೆಫರಲ್ ಚೀಟಿಯೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ. ಅಲ್ಲಿ ಮೊದಲು ಈ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯ ಮಿತ್ರರನ್ನು ಕಾಣಿ, ದಾಖಲಾಗುವ ಮುನ್ನ ಮುಂಗಡ ಅನುಮೋದನೆ ಆಗಲಿ.

ಎಡವಟ್ಟಾಗುವುದು ಸಾಮಾನ್ಯವಾಗಿ ನಾಲ್ಕು ಕಡೆ. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ತೋರಿಸುವುದು. ಹೊಸದಾಗಿ ಮದುವೆಯಾಗಿ ಬಂದವಳ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇರುವುದು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ. ಕೊನೆಯದು, ಚೀಟಿಯಲ್ಲಿ ಕಾಯಿಲೆಯ ಹೆಸರೇ ಇಲ್ಲದೆ "ಹೊಟ್ಟೆ ನೋವು, ಮುಂದಿನ ಚಿಕಿತ್ಸೆಗೆ" ಎಂದಿರುವುದು. ಅನುಮೋದನೆ ಕೊಡುವವರ ಮುಂದೆ ಅಂಥ ಚೀಟಿ ನಿಲ್ಲುವುದಿಲ್ಲ. ಹೈದರಾಬಾದ್, ಸೊಲ್ಲಾಪುರಕ್ಕೆ ಹೋಗುವ ಮಾತಿದ್ದರೆ ಬಸ್ಸು ಹತ್ತುವ ಮೊದಲೇ 14555ಕ್ಕೆ ಕರೆ ಮಾಡಿ, ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು, ನಿಮ್ಮ ಚಿಕಿತ್ಸೆಗೆ ನಡೆಯುತ್ತದೆಯೇ ಕೇಳಿ. ರಾಜ್ಯದ ಆರೋಗ್ಯ ಸಹಾಯವಾಣಿ 104.

ಸೇಡಂ, ಶಹಾಬಾದ್, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯುವವರ ಮನೆಯವರು ಇದನ್ನು ಗಮನಿಸಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗುತ್ತಿದ್ದರೆ ಕಾರ್ಮಿಕರಿಗೂ ಹೆಂಡತಿ-ಮಕ್ಕಳಿಗೂ ಹೊರರೋಗಿ ಚಿಕಿತ್ಸೆ, ಔಷಧ ಎರಡೂ ಇವೆ. ಕಲಬುರಗಿಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ದೀರ್ಘಕಾಲ ಗುಳಿಗೆ ಬೇಕಾದ ಈ ಕಾಯಿಲೆಗೆ ಆಯುಷ್ಮಾನ್‌ಗಿಂತ ಆ ಕಾರ್ಡೇ ಹೆಚ್ಚು ಉಪಯೋಗ.

ಪ್ರಶ್ನೆ: ಎಡ ಅಂಡಾಶಯದಲ್ಲಿ 4 ಸೆಂಟಿಮೀಟರ್ ಚಾಕಲೇಟ್ ಸಿಸ್ಟ್. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಡೈನೋಜೆಸ್ಟ್ ಆರು ತಿಂಗಳು ಕೊಟ್ಟಿದ್ದಾರೆ. ಸಿಸ್ಟ್‌ನ ನೀರು ಸೂಜಿಯಿಂದ ತೆಗೆಸಿದರೆ ಸಾಕೇ? – ಕಲಬುರಗಿ

ಉತ್ತರ: ಬಸಿರು ಬೇಕೆನ್ನುವವರಿಗೆ ಡೈನೋಜೆಸ್ಟ್ ಎಂಬ ಹಾರ್ಮೋನ್ ಗುಳಿಗೆ ಕಾಲಹರಣ. ಅದು ನೋವಿಗೆ ಒಳ್ಳೆಯ ಔಷಧ, ದಿನಕ್ಕೆ 2 ಮಿಲಿಗ್ರಾಂ, ಬಿಡುವಿಲ್ಲದೆ. ಆದರೆ ಅಂಡೋತ್ಪತ್ತಿಯನ್ನು ತಡೆಯುತ್ತದೆ, ನಿಲ್ಲಿಸಿದ ಮೇಲೆ ಫಲವಂತಿಕೆಯನ್ನೇನೂ ಹೆಚ್ಚಿಸುವುದಿಲ್ಲ. ನಿಮ್ಮ ಗುರಿ ಯಾವುದು ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಮದ್ದು ಬದಲಾಗಬಹುದು.

ಸೂಜಿಯಿಂದ ನೀರು ತೆಗೆದರೆ ಕೆಲ ತಿಂಗಳಲ್ಲಿ ಮತ್ತೆ ತುಂಬುತ್ತದೆ, ಸೋಂಕಿನ ಅಪಾಯ ಬೇರೆ. ಶಸ್ತ್ರಚಿಕಿತ್ಸೆ ಮಾಡುವುದಾದರೆ ಸಿಸ್ಟ್‌ನ ಗೋಡೆ ಸಮೇತ ಬಿಡಿಸಿ ತೆಗೆಯಬೇಕು. ಹಾಗೆ ಬಿಡಿಸುವಾಗ ಒಳ್ಳೆಯ ಅಂಡಗಳೂ ಒಂದಷ್ಟು ಹೋಗುತ್ತವೆ. ಆದ್ದರಿಂದ ಮೊದಲು ಎಎಂಎಚ್ ರಕ್ತಪರೀಕ್ಷೆ ಮಾಡಿಸಿ ಅಂಡಗಳ ಸಂಗ್ರಹ ಎಷ್ಟಿದೆ ತಿಳಿಯಿರಿ. ಕಡಿಮೆ ಇದ್ದರೆ, ಅಥವಾ ಹಿಂದೆ ಒಮ್ಮೆ ಅಂಡಾಶಯಕ್ಕೆ ಕತ್ತರಿ ಬಿದ್ದಿದ್ದರೆ, ಸಿಸ್ಟ್ ಮುಟ್ಟದೆ ಚಿಕಿತ್ಸೆ ಮುಂದುವರಿಸುವುದೇ ಮೇಲು. ಐವಿಎಫ್‌ಗೆ ಮೊದಲು ಸಿಸ್ಟ್ ತೆಗೆಯಲೇಬೇಕು ಎಂಬ ನಿಯಮ ಇಲ್ಲ.

ಪತ್ರದಲ್ಲಿ ಗಂಡನ ಪರೀಕ್ಷೆಯ ಸುದ್ದಿಯೇ ಇಲ್ಲ. ವೀರ್ಯ ಪರೀಕ್ಷೆ ಮೊದಲು ಆಗಬೇಕಾದದ್ದು. ಎರಡರಿಂದ ಏಳು ದಿನ ಸಂಯಮವಿದ್ದು ಕೊಟ್ಟರೆ ಆಯಿತು, ಹೆಂಗಸಿನ ಯಾವ ಪರೀಕ್ಷೆಗಿಂತಲೂ ಸುಲಭ, ಅಗ್ಗ. ನಮ್ಮ ಕಡೆ ಮಾತ್ರ ಅದು ಯಾವಾಗಲೂ ಕೊನೆಯ ಪರೀಕ್ಷೆ.

ಇದ್ದಕ್ಕಿದ್ದಂತೆ ಹೊಟ್ಟೆಯ ಒಂದೇ ಬದಿಗೆ ಭಯಂಕರ ನೋವು, ವಾಂತಿ, ತಲೆಸುತ್ತು ಬಂದರೆ ಸಿಸ್ಟ್ ತಿರುಚಿಕೊಂಡಿರಬಹುದು, ಒಡೆದಿರಬಹುದು. 108 ಕರೆಸಿ, ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ಈ ಕಾಯಿಲೆಗೆ ಬೇರೆ ಕ್ಲಿನಿಕ್ ತೆರೆದಿದೆಯಂತೆ. ನಮ್ಮಲ್ಲಿ? – ಬೀದರ್

ಉತ್ತರ: ಹೌದು. ಆಸ್ಟ್ರೇಲಿಯಾ 2018ರ ಜುಲೈನಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು, 2023ರಿಂದ ಎಂಡೊಮೆಟ್ರಿಯೋಸಿಸ್ ಮತ್ತು ಕಿಬ್ಬೊಟ್ಟೆ ನೋವಿನ ಕ್ಲಿನಿಕ್‌ಗಳನ್ನು ತೆರೆಯಿತು. 2025ರ ಜುಲೈ 1ರಿಂದ ಇಂಥ ರೋಗಿಯನ್ನು ಸ್ತ್ರೀರೋಗ ತಜ್ಞರು 45 ನಿಮಿಷಕ್ಕಿಂತ ಕಡಿಮೆಯಿಲ್ಲದೆ ನೋಡಿದರೆ ಸರ್ಕಾರಿ ವಿಮೆಯಿಂದ ಹೆಚ್ಚು ಹಣ ಕೊಡುತ್ತಿದೆ. ಫ್ರಾನ್ಸ್ 2022ರಲ್ಲಿ ರಾಷ್ಟ್ರೀಯ ಕಾರ್ಯತಂತ್ರ ಹೊರಡಿಸಿತು.

ನಮ್ಮಲ್ಲಿ ಈ ಕಾಯಿಲೆಯ ಹೆಸರಿನಲ್ಲೇ ನಡೆಯುವ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ಇರುವುದು ಚೂರುಚೂರಾಗಿ ಹಂಚಿಹೋಗಿದೆ: ಕಿಶೋರಿಯರ ಕಾರ್ಯಕ್ರಮದಲ್ಲಿ ಪ್ಯಾಡು, ರಕ್ತಹೀನತೆಯ ಕಾರ್ಯಕ್ರಮದಲ್ಲಿ ಕಬ್ಬಿಣದ ಗುಳಿಗೆ, ಕುಟುಂಬ ಯೋಜನೆಯಲ್ಲಿ ಹಾರ್ಮೋನ್, ವಿಮೆಯಲ್ಲಿ ಆಪರೇಷನ್. ಎಷ್ಟು ಪ್ಯಾಡ್ ಹಂಚಿದೆವು ಎಂಬ ಲೆಕ್ಕ ಇದೆ, ಎಷ್ಟು ನೋಯುತ್ತದೆ ಎಂದು ಕೇಳುವ ಕಾಲಂ ಇಲ್ಲ. ಹುಡುಗಿಯರಿಗೆ ಪ್ಯಾಡ್ ಕೊಡುವಾಗಲೇ "ಈ ತಿಂಗಳು ಎಷ್ಟು ದಿನ ಶಾಲೆ ತಪ್ಪಿತು?" ಎಂದು ಕೇಳಿ ಬರೆದುಕೊಂಡರೆ ಹೊಸ ಕಟ್ಟಡ, ಹೊಸ ಹುದ್ದೆ ಏನೂ ಬೇಕಿಲ್ಲ. ಅಲ್ಲಿಯ 45 ನಿಮಿಷ ನಮ್ಮ ಒಪಿಡಿ ಸಾಲಿನಲ್ಲಿ ಯಾರಿಗೂ ಸಿಗುವುದಿಲ್ಲ. ಚಿಂಚೋಳಿಯವರಿಗೆ ಹೇಳಿದ ಕ್ಯಾಲೆಂಡರ್ ಹಾಳೆ ಆ ಕೊರತೆಯನ್ನು ಸ್ವಲ್ಪವಾದರೂ ತುಂಬುತ್ತದೆ.

ಪ್ರಶ್ನೆ: ಮುಟ್ಟಿನ ರಜೆಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕೆ? – ಭಾಲ್ಕಿ

ಉತ್ತರ: ಬೇಡ. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿದ ನೀತಿಯಂತೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಈ ತಿಂಗಳು ಬಿಟ್ಟದ್ದನ್ನು ಮುಂದಿನ ತಿಂಗಳಿಗೆ ಸೇರಿಸಲಾಗದು. ಮಾಲೀಕರ ಕಡೆಯವರು ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದೂ ಉಂಟು. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಒಂದು ದಿನ ಸಾಲುವುದಿಲ್ಲ. ಉಳಿದ ದಿನಕ್ಕೆ ಮಾಮೂಲಿ ವೈದ್ಯಕೀಯ ರಜೆ ಹಾಕಬೇಕು, ಅದಕ್ಕೆ ಸರ್ಟಿಫಿಕೇಟ್ ಬೇಕಾಗಬಹುದು, ಅದರಲ್ಲಿ ಕಾಯಿಲೆಯ ಹೆಸರು ಬರೆಸಿ. ತೊಗರಿ ಹೊಲದಲ್ಲಿ ಕೂಲಿಗೆ ಹೋಗುವವರಿಗೆ ಹಾಜರಿ ಪುಸ್ತಕವೇ ಇಲ್ಲ, ರಜೆ ಎಲ್ಲಿಂದ ಬರಬೇಕು?

ಪ್ರಶ್ನೆ: ಸಿಜೇರಿಯನ್ ಆಗಿ ಎರಡು ವರ್ಷ. ಹೊಲಿಗೆ ಹಾಕಿದ ಜಾಗದ ಅಂಚಿನಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಮುಟ್ಟಿನಲ್ಲಿ ಊದಿ ನೋಯುತ್ತದೆ, ಆಮೇಲೆ ಸುಮ್ಮನಿರುತ್ತದೆ. ಹರ್ನಿಯಾ ಅಂದರು. – ಆಳಂದ

ಉತ್ತರ: ಹರ್ನಿಯಾ ಕೆಮ್ಮಿದಾಗ ಉಬ್ಬುತ್ತದೆ, ಮಲಗಿದರೆ ಒಳಗೆ ಸರಿಯುತ್ತದೆ. ಅದಕ್ಕೆ ತಿಂಗಳ ತಾರೀಕು ಗೊತ್ತಿರುವುದಿಲ್ಲ. ನಿಮ್ಮದು ಹೊಲಿಗೆ ಗಾಯದ ಎಂಡೊಮೆಟ್ರಿಯೋಸಿಸ್ ಇರಬಹುದು. ಸಿಜೇರಿಯನ್ ವೇಳೆ ಒಳಪದರದ ಜೀವಕೋಶಗಳು ಗಾಯದಲ್ಲಿ ಉಳಿದು ಬೆಳೆಯುವುದು. ಮುಟ್ಟಿನ ಎರಡನೇ ದಿನ, ಗಂಟು ಊದಿದಾಗಲೇ, ಆ ಜಾಗದ ಸ್ಕ್ಯಾನ್ ಮಾಡಿಸಿ. ಗುಳಿಗೆಯಿಂದ ನೋವು ತಗ್ಗಬಹುದು, ಗಂಟು ಹೋಗುವುದು ಶಸ್ತ್ರಚಿಕಿತ್ಸೆಯಿಂದ. ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ಸುಮಾರು ಒಂದು ಸೆಂಟಿಮೀಟರ್ ಸೇರಿಸಿ ತೆಗೆಯದಿದ್ದರೆ ಮರಳಿ ಬರುತ್ತದೆ. ಗಂಟು ದೊಡ್ಡದಾದರೆ ಹೊಟ್ಟೆಯ ಗೋಡೆಗೆ ಜಾಲರಿ ಹಾಕಬೇಕಾದೀತು. ಆ ಸಿದ್ಧತೆ ಇದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಲು ಹೇಳಿ, ಆ ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ.